ಹಳೆಯ ಸರಕು ಗಾಡಿ ಕೊಳ್ಳುವ ಮುನ್ನ



2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ಗಾಡಿ ಹಳ್ಳಿಯ ಮನೆಯಂಗಳಕ್ಕೂ ಬಂದಿದೆ. ಹೊಸದಕ್ಕೆ ಹಣ ಸಾಲದವರು ಹಳೆಯದನ್ನು ಕೊಳ್ಳುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಹಲ್ಲು ನೋಡಿ ಎತ್ತು ಕೊಳ್ಳುವ ನಾವು, ಬಣ್ಣ ನೋಡಿ ಗಾಡಿಗೆ ಮುಂಗಡ ಕೊಡಬಾರದು.

ಇಂಥ ಗಾಡಿಗಳನ್ನು ಹೆಚ್ಚಾಗಿ ಹಾಳುಮಾಡುವುದು ಅತಿಭಾರ. ಮೊದಲ ಮಾದರಿಯ ಏಸ್ ಗಾಡಿಯ ಹೊರೆ ಮಿತಿ ಸುಮಾರು 750 ಕಿಲೋ. ಎಂದರೆ 15 ಕಿಲೋ ಟೊಮೆಟೊ ತುಂಬಿದ ಪೆಟ್ಟಿಗೆಗಳು 50ರೊಳಗೇ ಇರಬೇಕು. ಎಂಬತ್ತು ಪೆಟ್ಟಿಗೆ ಹೇರಿ ಓಡಿಸಿದ್ದರೆ ಅದರ ಗುರುತು ಗಾಡಿಯ ಅಡಿಯಲ್ಲಿ ಸಿಗುತ್ತದೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿರಿ. ಒಂದು ಮಗ್ಗುಲಿಗೆ ವಾಲಿದ್ದರೆ ಸ್ಪ್ರಿಂಗ್ ಪಟ್ಟಿಗಳು ಸೋತಿರಬಹುದು. ಚಾಸಿಯಲ್ಲಿ ಬಿರುಕು, ಹಳೆಯ ಬೆಸುಗೆ, ಆಳವಾದ ತುಕ್ಕು ಕಂಡರೆ ಆ ಗಾಡಿ ಬೇಡ.

ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನಲ್ಲಿ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು. ಮುಚ್ಚಳ ಹಾಕಿ ಚಾಲೂ ಮಾಡಿಸಿರಿ. ನೀಲಿ ಹೊಗೆ ನಿಲ್ಲದಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಿರಿ.

ಇನ್ನು ಕಾಗದಪತ್ರ. ಆರ್.ಸಿ.ಯಲ್ಲಿ ಸಾಲದ ನಮೂದಿದ್ದರೆ, ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಹಾಗೂ ಅವರ ಸಹಿಯಿರುವ 35ನೇ ನಮೂನೆ ಬೇಕು. ಇಲ್ಲವಾದರೆ ಹಿಂದಿನವರ ಸಾಲಕ್ಕೆ ನಿಮ್ಮ ಗಾಡಿ ಜಪ್ತಿಯಾದೀತು. 8 ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷವೂ ಎಫ್.ಸಿ. ಮಾಡಿಸಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೆಸರು ಬದಲಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿಯಾಗುವ ತನಕ ಪೂರ್ತಿ ಹಣ ಕೊಡಬೇಡಿರಿ.

ನಂಬಿಕೆಯ ಮೆಕ್ಯಾನಿಕ್‌ನನ್ನು ಕರೆದೊಯ್ದು ತೋರಿಸಿರಿ. ಅವನ ಕೂಲಿ ದಂಡವಲ್ಲ. ನಡುರಾತ್ರಿ ಗಾಡಿ ಕೆಟ್ಟು ನಿಂತರೆ ಬೆಳಗಿನ ಹರಾಜು ನಮಗಾಗಿ ಕಾಯುವುದಿಲ್ಲ.