ಗಂಡಸರ ಮೈಗೂದಲು: ಸೂಜಿಯೋ, ಬೆಳಕೋ?

ಈ ಭಾಷಣದ ಶೀರ್ಷಿಕೆಯನ್ನು ಕಂಡು ನಿಮ್ಮಲ್ಲಿ ಕೆಲವರು ಮುಗುಳ್ನಕ್ಕಿರಬಹುದು. ಸಂಧಿ ಸಮಾಸಗಳ ಪಾಠ ಹೇಳಿಕೊಂಡು ಕಾಲ ಕಳೆದ ಕನ್ನಡ ಪಂಡಿತನಿಗೆ ಮಾತನಾಡಲು ಗಂಡಸರ ಎದೆ ಬೆನ್ನುಗಳ ಕೂದಲೇ ಸಿಕ್ಕಿತೆ ಎಂದು ನಮ್ಮ ಮನೆಯಲ್ಲಿಯೂ ಕೇಳಿದರು. ಸಿಕ್ಕಿದ್ದು ಹೇಗೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಹತ್ತು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯ ಹುಡುಗರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಹೊಳೆ ಕಂಡೊಡನೆ ಹುಡುಗರೆಲ್ಲ ಅಂಗಿ ಕಳಚಿ ಮೊಣಕಾಲುದ್ದದ ನೀರಿಗೆ ಇಳಿದರು. ಒಬ್ಬನು ಮಾತ್ರ ಕೊರಳ ಗುಂಡಿಯನ್ನೂ ಬಿಚ್ಚದೆ ಎಲ್ಲರ ಚಪ್ಪಲಿ ಕಾಯುತ್ತ ದಡದಲ್ಲಿ ಕುಳಿತ. ಆ ವಯಸ್ಸಿಗೇ ಅವನ ಎದೆ, ಹೆಗಲು, ಬೆನ್ನುಗಳಲ್ಲಿ ಒತ್ತಾಗಿ ಕೂದಲು ಬೆಳೆದಿತ್ತು. ಸಹಪಾಠಿಗಳು ಇಟ್ಟಿದ್ದ ಹೆಸರು ಜಾಂಬವಂತ. ಆ ಹೆಸರು ರಾಮಾಯಣದ ಪಾಠದಲ್ಲಿ ಬಂದ ದಿನ ತರಗತಿಯೆಲ್ಲ ಹಿಂತಿರುಗಿ ಅವನನ್ನು ನೋಡಿತು. ಹೇಳಲು ನಾಚಿಕೆಯಾಗುತ್ತದೆ, ಪಾಠ ಹೇಳುತ್ತಿದ್ದ ನಾನೂ ನಕ್ಕೆ.

ಕಳೆದ ವರ್ಷ ಅದೇ ಹುಡುಗ ಮನೆಗೆ ಬಂದ. ನೌಕರಿ ಸಿಕ್ಕಿದೆ, ಮದುವೆ ಗೊತ್ತಾಗಿದೆ. ಕಾಫಿ ಕುಡಿದು, ಬಾಗಿಲು ಮುಂದೆಮಾಡಿ, "ಸಾರ್, ಇದನ್ನ ಮನೇಲಿ ತೋರಿಸೋಕೆ ಆಗ್ತಿಲ್ಲ" ಎಂದು ಅಂಗಿ ಎತ್ತಿದ. ಬೆನ್ನಿನ ಮೇಲೆ ಅಂಚೆಯ ಮುದ್ರೆ ಒತ್ತಿದಂತೆ ಸಾಲುಸಾಲಾಗಿ ಕಂದುಗಪ್ಪು ಕಲೆಗಳು. ಪೇಟೆಯ ಯಾವುದೋ ಬ್ಯೂಟಿ ಪಾರ್ಲರಿಗೆ ಹೋಗಿ, "ಪೂರ್ತಿ ಬೋಳಾಗೋದು ಬೇಡ, ಸ್ವಲ್ಪ ತೆಳುವಾದರೆ ಸಾಕು" ಎಂದು ಕೇಳಿದ್ದಾನೆ. ಅವರು ಮೈಬಣ್ಣವನ್ನು ನೋಡದೆ, ಪರೀಕ್ಷೆಗೆಂದು ಒಂದು ಚಿಕ್ಕ ಜಾಗದಲ್ಲಿ ಪ್ರಯೋಗ ಮಾಡದೆ, ಬೆನ್ನಿಗೆಲ್ಲ ಲೇಸರ್ ಹಾಯಿಸಿ ಕಳುಹಿಸಿದ್ದಾರೆ. "ಹೆಂಗಸರಾದರೆ ಅಮ್ಮನ್ನೋ ಅಕ್ಕನ್ನೋ ಕೇಳ್ತಾರೆ. ಗಂಡಸು ಯಾರನ್ನ ಕೇಳಬೇಕು ಸಾರ್?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಚರ್ಮವೈದ್ಯರೊಬ್ಬರಲ್ಲಿಗೆ ಅವನನ್ನು ಕರೆದುಕೊಂಡು ಹೋದೆ. ಅಲ್ಲಿ ಕೇಳಿದ್ದನ್ನೂ ಬಳಿಕ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಸೆಕೆಗಾಲದಲ್ಲಿ ಅಂಗಿ ಕಳಚದ ಮಗನೊಬ್ಬನು ಇರಬಹುದು.

ಮೊದಲು ಈ ಕೂದಲು ಬರುವುದೇಕೆ? ಹುಟ್ಟುವಾಗ ಮಗುವಿನ ಮೈಯಲ್ಲಿ ಎಷ್ಟು ರೋಮಕೂಪಗಳಿರುತ್ತವೆಯೋ ದೊಡ್ಡವನಾದ ಮೇಲೂ ಹೆಚ್ಚುಕಡಮೆ ಅಷ್ಟೇ. ಪ್ರಾಯ ಬಂದಾಗ ಗಂಡಸಿನ ರಕ್ತದಲ್ಲಿ ಟೆಸ್ಟೋಸ್ಟೀರಾನ್ ಮೊದಲಾದ ಹಾರ್ಮೋನುಗಳು ಏರುತ್ತವೆ. ಅವುಗಳ ಪ್ರಭಾವದಿಂದ ಎದೆಯ ನವುರು ರೋಮ ದಪ್ಪನಾದ ಕರಿಯ ಕೂದಲಾಗುತ್ತದೆ. ಆ ಹಾರ್ಮೋನುಗಳ ಲೀಲೆಯನ್ನು ನೋಡಿ: ಎದೆಯಲ್ಲಿ ಬೆಳೆಸುವುದೂ ಅವೇ, ಕೆಲವರ ನೆತ್ತಿಯಲ್ಲಿ ಬೋಳಿಸುವುದೂ ಅವೇ. ಯಾರಿಗೆ ಎಷ್ಟು ಎಂಬುದು ಬಹುಮಟ್ಟಿಗೆ ವಂಶದಿಂದ ಬಂದದ್ದು. ಇದು ರೋಗವಲ್ಲ. ಬೋಳುತಲೆಗೆಂದು ಮಿನಾಕ್ಸಿಡಿಲ್ ಔಷಧಿ ತೆಗೆದುಕೊಳ್ಳುವವರಿಗೆ ಮೈಮೇಲೂ ಕೂದಲು ಹೆಚ್ಚುವುದುಂಟು. ಅಂಥವರು ಮೊದಲು ಆ ವೈದ್ಯರನ್ನು ವಿಚಾರಿಸಬೇಕು.

ಬ್ರಹ್ಮವೈವರ್ತ ಪುರಾಣದಲ್ಲಿ ಲೋಮಶ ಋಷಿಯ ಕಥೆ ಬರುತ್ತದೆ. ಅವನ ಎದೆಯ ಮೇಲೆ ಚಕ್ರದಂತೆ ರೋಮ. ಒಬ್ಬೊಬ್ಬ ಇಂದ್ರನ ಅಧಿಕಾರ ಮುಗಿದಾಗಲೂ ಒಂದೊಂದು ರೋಮ ಉದುರುತ್ತದೆ. ನಡುವೆ ಉದುರಿ ಸುತ್ತ ಇನ್ನೂ ಉಳಿದಿತ್ತಂತೆ. ಮೈಗೂದಲನ್ನು ಒಂದೊಂದಾಗಿ ವಿರಳಗೊಳಿಸುವ ಕೆಲಸ ಎಷ್ಟು ನಿಧಾನದ್ದೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ನನಗೆ ತೋರದು.

ಕಿತ್ತರೆ ಸಾಲದೆ ಎಂದು ನೀವು ಕೇಳಬಹುದು. ದಿಗಂಬರ ಜೈನಮುನಿಗಳು ಕೇಶಲೋಚದಲ್ಲಿ ತಲೆ ಗಡ್ಡಗಳ ಕೂದಲನ್ನು ಕೈಯಿಂದಲೇ ಕೀಳುತ್ತಾರೆ. ಶ್ರವಣಬೆಳಗೊಳಕ್ಕೆ ಹೋದವರಲ್ಲಿ ಕೆಲವರಾದರೂ ನೋಡಿರಬಹುದು. ಅವರದು ವೈರಾಗ್ಯದ ವ್ರತ. ಆದರೆ ಅವರೂ ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಆ ಕಷ್ಟವನ್ನು ಮತ್ತೆ ಅನುಭವಿಸಬೇಕು. ಕೂದಲು ಬಂದರೂ ಅದನ್ನು ಹುಟ್ಟಿಸುವ ಕೂಪ ಚರ್ಮದೊಳಗೆ ಉಳಿದಿರುತ್ತದೆ. ಮೇಣ ಹಚ್ಚಿ ಕಿತ್ತರೂ ಇದೇ ಕಥೆ. ಕೂಪವನ್ನೇ ಕೆಡಿಸಬೇಕೆಂದು ಹೊರಟಾಗಲೇ ಸೂಜಿ ಬಂದದ್ದು, ಬೆಳಕು ಬಂದದ್ದು.

ಸೂಜಿ ಹಿರಿಯದು. 1875ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಚಾರ್ಲ್ಸ್ ಮಿಷೆಲ್ ಎಂಬ ಕಣ್ಣಿನ ವೈದ್ಯನು ಇದನ್ನು ಪ್ರಕಟಿಸಿದ. ಅವನ ಮುಂದಿದ್ದುದು ಅಂದಚಂದದ ಪ್ರಶ್ನೆಯಲ್ಲ. ರೆಪ್ಪೆಯ ಕೂದಲು ಒಳಮುಖವಾಗಿ ಬೆಳೆದು ಕಣ್ಣುಗುಡ್ಡೆಯನ್ನು ಉಜ್ಜುತ್ತಿದ್ದ ರೋಗಿಗಳು. ಕೂದಲಿನ ಪಕ್ಕದಲ್ಲಿ ಅತಿ ಸಣ್ಣ ಸೂಜಿಯನ್ನು ಕೂಪದೊಳಕ್ಕೆ ಇಳಿಸಿ ಮಂದವಾದ ವಿದ್ಯುತ್ತನ್ನು ಹರಿಸಿದ. ನಮ್ಮ ಮೈಯಲ್ಲಿ ಉಪ್ಪೂ ನೀರೂ ಇವೆಯಷ್ಟೆ. ವಿದ್ಯುತ್ತು ಅವುಗಳನ್ನು ಒಡೆದು ಸೂಜಿಯ ತುದಿಯಲ್ಲಿ ಒಂದು ಕಣದಷ್ಟು ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ಸಾಬೂನು ಕಾಯಿಸುವವರು ಬಳಸುವ ಕ್ಷಾರವೇ ಅದು. ಅದು ಬೇರನ್ನು ತಿಂದುಹಾಕುತ್ತದೆ. ಎಲೆಕ್ಟ್ರಾಲಿಸಿಸ್ ಎಂಬ ಹೆಸರು ಇದರಿಂದ ಬಂತು. ಆ ಮಾತನ್ನು ಫ್ಯಾರಡೆ 1834ರಲ್ಲಿಯೇ ಬಳಕೆಗೆ ತಂದಿದ್ದ. ಮುಂದೆ 1924ರಲ್ಲಿ ಫ್ರಾನ್ಸಿನ ಬೋರ್ದಿಯೆ ಎಂಬಾತ ಕ್ಷಾರದ ಬದಲು ಅಧಿಕ ಕಂಪನದ ವಿದ್ಯುತ್ತಿನ ಶಾಖದಿಂದ ಅದೇ ಕೆಲಸವನ್ನು ಕೆಲವೇ ಕ್ಷಣಗಳಲ್ಲಿ ಮಾಡಿಸಿದ. ಈಗ ಎರಡನ್ನೂ ಬೆರೆಸಿ ಮಾಡುವ ಕ್ರಮವೂ ಇದೆ.

ನಡುವೆ ಒಂದು ಕೆಟ್ಟ ಅಧ್ಯಾಯ. ಎಕ್ಸ್-ಕಿರಣದಿಂದ ಕೂದಲು ಉದುರುತ್ತದೆಂದು 1896ರಲ್ಲಿಯೇ ವಿಯೆನ್ನಾದಲ್ಲಿ ಫ್ರಾಯಿಂಡ್ ಎಂಬ ವೈದ್ಯನು ತೋರಿಸಿದ್ದ. 1920ರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಇದೇ ಕಿರಣವನ್ನು ಸಾವಿರಾರು ಹೆಂಗಸರ ಮುಖಕ್ಕೆ ಹಾಯಿಸಿದರು. ನೋವಿಲ್ಲ, ಸೂಜಿಯಿಲ್ಲ ಎಂದು ಸಾರಿದರು. ಅವರಲ್ಲಿ ಅನೇಕರಿಗೆ ವರ್ಷಗಳ ಮೇಲೆ ಚರ್ಮದ ಕ್ಯಾನ್ಸರ್ ಬಂತು. ಲೇಸರಿನ ಬೆಳಕು ಎಕ್ಸ್-ಕಿರಣದ ಜಾತಿಯದಲ್ಲ, ಆ ಭಯಕ್ಕೆ ಕಾರಣವಿಲ್ಲ. ಆದರೆ ನೋವಿಲ್ಲವೆಂಬ ಫಲಕವನ್ನು ಕಂಡಾಗ ನನಗೆ ಈ ಸಂಗತಿ ನೆನಪಾಗುತ್ತದೆ.

ಲೇಸರನ್ನು ಮೊದಲು ಬೆಳಗಿಸಿದವನು ಥಿಯೊಡೋರ್ ಮೈಮನ್, 1960ರಲ್ಲಿ, ಮಾಣಿಕ್ಯದ ಕಡ್ಡಿಯಿಂದ. ಚರ್ಮಕ್ಕೆ ಅದನ್ನು ಹದವರಿತು ಬಳಸುವ ತತ್ತ್ವವನ್ನು 1983ರಲ್ಲಿ ಆಂಡರ್ಸನ್, ಪ್ಯಾರಿಷ್ ಎಂಬಿಬ್ಬರು ತಿಳಿಸಿದರು. ತಕ್ಕ ಬಣ್ಣದ ಬೆಳಕನ್ನು ತಕ್ಕಷ್ಟು ಹೊತ್ತು ಮಾತ್ರ ಹಾಯಿಸಿದರೆ ಆ ಬೆಳಕನ್ನು ಹೀರುವ ವಸ್ತುವಷ್ಟೇ ಕಾಯುತ್ತದೆ, ಸುತ್ತಲಿನದು ಉಳಿಯುತ್ತದೆ. ಕೂದಲಿನಲ್ಲಿ ಬೆಳಕನ್ನು ಹೀರುವುದು ಮೆಲನಿನ್ ಎಂಬ ಕಪ್ಪು. ಅದು ಕಾಯ್ದಾಗ ಬೇರು ಬೇಯುತ್ತದೆ. ಬಿಳಿಯ ಮೈ, ಕರಿಯ ಕೂದಲು ಇರುವವರಿಗೆ ಇದು ಸುಲಭ. ನಮ್ಮ ಮೈಯಲ್ಲಿ ಅದೇ ಮೆಲನಿನ್ ಚರ್ಮದಲ್ಲಿಯೂ ಇದೆ. ಬೆಳಕಿಗೆ ಬೇರು ಯಾವುದು, ಮೈ ಯಾವುದು ಎಂಬ ಭೇದ ತಿಳಿಯದೆ ಹೋದರೆ ಸುಡುವುದು ಮೈ. ನನ್ನ ಶಿಷ್ಯನ ಬೆನ್ನಿನಲ್ಲಿ ಆದದ್ದು ಇದೇ ಎಂದರು ವೈದ್ಯರು. ಮಾಣಿಕ್ಯದ ಬೆಳಕಿನ ಅಲೆಯ ಉದ್ದ 694 ನ್ಯಾನೊಮೀಟರ್, ಅಲೆಕ್ಸಾಂಡ್ರೈಟಿನದು 755, ಡಯೋಡಿನದು ಸುಮಾರು 810, ಎನ್‌ಡಿ-ಯಾಗ್ ಎಂಬುದರದು 1064. ಅಲೆ ಉದ್ದವಾದಷ್ಟೂ ಬೆಳಕು ಮೇಲ್ಚರ್ಮದ ಕಪ್ಪಿಗೆ ಹೆಚ್ಚು ಸಿಕ್ಕದೆ ಆಳಕ್ಕೆ ಇಳಿಯುತ್ತದೆ. ಆದುದರಿಂದ ಎಣ್ಣೆಗೆಂಪು, ಕಪ್ಪು ಮೈಯವರಿಗೆ ಕೊನೆಯ ಎರಡು, ಅದರಲ್ಲಿಯೂ ಕೊನೆಯದು, ಕ್ಷೇಮ. ಯಂತ್ರದ ಹೆಸರನ್ನು ಕೇಳಲು ನಾಚಿಕೊಳ್ಳಬೇಡಿ. ಹೇಳಲಾರದವರ ಮುಂದೆ ಅಂಗಿ ಬಿಚ್ಚಬೇಡಿ.

ಇನ್ನು ನಮ್ಮ ಪ್ರಶ್ನೆ. ಹುಡುಗನು ಬಯಸಿದ್ದು ಬೋಳು ಮೈಯನ್ನಲ್ಲ, ವಿರಳವಾದ ಕೂದಲನ್ನು. ನಮ್ಮ ರೈತನಿಗೆ ಈ ವಿದ್ಯೆ ಗೊತ್ತು. ರಾಗಿಯ ಪೈರು ಒತ್ತಾಗಿ ಬಂದರೆ ಹೊಲದ ಮೇಲೆಲ್ಲ ಕುಂಟೆ ಹಾಯಿಸುತ್ತಾನೆ. ಕೆಲವು ಸಸಿ ಹೋಗುತ್ತವೆ, ಕೆಲವು ಉಳಿಯುತ್ತವೆ. ಇದು ಉಳಿಯಲಿ, ಇದು ಹೋಗಲಿ ಎಂದು ಆರಿಸಬೇಕಾದರೆ ಕುಳಿತು ಕೈಯಿಂದ ಕೀಳಬೇಕು. ಲೇಸರ್ ಕುಂಟೆಯಂತೆ, ಸೂಜಿ ಕೈಯಂತೆ.

ಆರಿಸಬಲ್ಲದ್ದು ಸೂಜಿಯೇ ಆದ ಮೇಲೆ ವಿರಳ ಮಾಡಲು ಅದೇ ಸರಿಯಲ್ಲವೆ? ಸರಿ, ಆದರೆ ಲೆಕ್ಕ ಹಾಕಿ ನೋಡಿ. ಒಂದು ಕೂದಲಿಗೆ ಹದಿನೈದು ಸೆಕೆಂಡು ಎಂದಿಟ್ಟುಕೊಳ್ಳೋಣ. ಗಂಟೆಗೆ 240. ಬೆನ್ನು ಹೆಗಲುಗಳಲ್ಲಿ ಐದು ಸಾವಿರ ಕೂದಲನ್ನು ತೆಗೆಯಬೇಕಾದರೆ ಬಿಡುವಿಲ್ಲದೆ ಇಪ್ಪತ್ತು ಗಂಟೆಗೂ ಮೇಲಾಯಿತು. ಮೊದಲ ಸಲ ಸಾಯದ ಬೇರುಗಳಿಗೆ ಮತ್ತೆ ಚುಚ್ಚಬೇಕು. ಒಂದೊಂದು ಚುಚ್ಚಿಗೂ ನೋವು, ಗಂಟೆ ಗಂಟೆಗೂ ಹಣ. ಕಿವಿಯ ಮೇಲಿನ ನಾಲ್ಕು ಕೂದಲಿಗೆ, ಹುಬ್ಬಿನ ನಡುವಿನದಕ್ಕೆ, ಕೊರಳ ಅಂಚನ್ನು ತಿದ್ದುವುದಕ್ಕೆ ಸೂಜಿ ಉತ್ತಮ. ಬೆನ್ನಿನಂಥ ವಿಶಾಲವಾದ ಬಯಲಿಗೆ ಅದು ಲೋಮಶನ ದಾರಿ.

ಬಿಳಿಯ ಕೂದಲಿಗಂತೂ ಸೂಜಿಯೊಂದೇ ಗತಿ. ಕಪ್ಪಿಲ್ಲದಲ್ಲಿ ಲೇಸರಿಗೆ ಹಿಡಿತವಿಲ್ಲ. ನನ್ನಂಥ ಐವತ್ತು ದಾಟಿದವನ ಎದೆಗೆ ಲೇಸರ್ ಹಾಯಿಸಿದರೆ ಕರಿಯದೆಲ್ಲ ಹೋಗಿ ಬಿಳಿಯದೆಲ್ಲ ಉಳಿದೀತು! ವಿರಳವಾಗುವುದೇನೋ ನಿಜ, ವಯಸ್ಸು ಮಾತ್ರ ಹತ್ತು ವರ್ಷ ಏರುತ್ತದೆ.

ಲೇಸರಿನ ಪರವಾದ ಒಂದು ಸಂಗತಿ ಅದರ ದೋಷದಿಂದಲೇ ಹುಟ್ಟಿದ್ದು. ಮೈಗೂದಲು ಕೆಲವು ತಿಂಗಳು ಬೆಳೆದು, ಬಳಿಕ ಬಹುಕಾಲ ಸುಮ್ಮನಿರುತ್ತದೆ. ಬೆಳಕಿಗೆ ಸಾಯುವುದು ಬೆಳೆಯುವ ಸ್ಥಿತಿಯಲ್ಲಿರುವ ಬೇರು. ಯಾವ ಕಾಲಕ್ಕೂ ಒಂದು ಪಾಲಷ್ಟೇ ಆ ಸ್ಥಿತಿಯಲ್ಲಿರುವುದರಿಂದ ಆರೆಂಟು ವಾರಗಳ ಅಂತರದಲ್ಲಿ ಆರು, ಎಂಟು ಬಾರಿ ಹಾಯಿಸಬೇಕಾಗುತ್ತದೆ. ಬೋಳಾಗಬೇಕೆನ್ನುವವನಿಗೆ ಇದು ಕಿರಿಕಿರಿ. ವಿರಳವಾದರೆ ಸಾಕೆನ್ನುವವನಿಗೆ ಅನುಕೂಲ. ಎರಡು ಮೂರು ಬಾರಿಗೆ ನಿಲ್ಲಿಸಿ, ಮತ್ತೆ ಬರುವಷ್ಟು ಬಂದ ಮೇಲೆ ನೋಡಬಹುದು. ಹಿಂತಿರುಗಿ ಬಂದದ್ದು ಹಿಂದಿಗಿಂತ ನವುರಾಗಿರುವುದೂ ಉಂಟು. ಅಮೆರಿಕದ ಔಷಧ ನಿಯಂತ್ರಕರು ಲೇಸರ್ ತಯಾರಕರಿಗೆ ಹೇಳಿಕೊಳ್ಳಲು ಬಿಟ್ಟಿರುವ ಮಾತು ಕೂದಲಿನ ಶಾಶ್ವತ ಇಳಿತ ಎಂದು. ಶಾಶ್ವತ ನಿರ್ಮೂಲನ ಎಂಬ ಮಾತು ಸೂಜಿಗೆ ಸಲ್ಲುತ್ತದೆ. ಪದಗಳ ವ್ಯಾಪಾರದವನಾದ ನನಗೆ ಈ ಎಚ್ಚರ ಮೆಚ್ಚಿಗೆಯಾಯಿತು.

ಆದರೆ ಬಹಳ ಜನ ಎಡವುವ ಜಾಗ ಇಲ್ಲಿದೆ. ಸ್ವಲ್ಪ ತೆಳುವಾದರೆ ಸಾಕು, ಆದ್ದರಿಂದ ಬೆಳಕಿನ ಶಕ್ತಿಯನ್ನು ಕಡಮೆ ಇಡಿ ಎನ್ನುವುದು ತಪ್ಪು. ಕೆಲವರಲ್ಲಿ ಲೇಸರ್ ಬಿದ್ದ ಜಾಗದಲ್ಲೋ ಅದರ ಅಂಚಿನಲ್ಲೋ ಇದ್ದ ನವುರು ರೋಮ ದಪ್ಪ ಕೂದಲಾಗಿ ತಿರುಗಿಕೊಳ್ಳುತ್ತದೆ. ಹೆಂಗಸರಲ್ಲಿ ಮುಖ, ಕೊರಳುಗಳಲ್ಲಿ ಇದು ಕಂಡಿದೆ. ಗಂಡಸರಲ್ಲಿ ಹೆಗಲು, ಮೇಲ್ದೋಳು, ಬೆನ್ನುಗಳಲ್ಲಿ. ಬೇರನ್ನು ಕೊಲ್ಲದಷ್ಟು ಅರೆಶಾಖ ಅದನ್ನು ಎಬ್ಬಿಸುತ್ತದೆಂದು ವೈದ್ಯರ ಊಹೆ. ಕಡಮೆ ಮಾಡಬೇಕಾದ್ದು ಸರದಿಗಳ ಸಂಖ್ಯೆಯನ್ನು, ಶಕ್ತಿಯನ್ನಲ್ಲ. ಶಕ್ತಿ ಎಷ್ಟಿರಬೇಕೆಂಬುದು ನಿಮ್ಮ ಮೈಬಣ್ಣವನ್ನು ನೋಡಿ ವೈದ್ಯರು ತೀರ್ಮಾನಿಸತಕ್ಕದ್ದು. ಎಲ್ಲಿಯಾದರೂ ಕುಂಟೆ ಹೆಚ್ಚು ಹಾಯ್ದು ತೇಪೆಯಂತೆ ಕಂಡರೆ ಅದನ್ನು ಸರಿಮಾಡುವುದಕ್ಕೆ ಸೂಜಿಯನ್ನು ಕರೆಯಬಹುದು.

ಲೇಸರಿಗೆ ಮುಂಚೆ ನಾಲ್ಕು ವಾರ ಕೀಳಬಾರದು, ಮೇಣ ಹಚ್ಚಬಾರದು. ಬೇರೇ ಇಲ್ಲದೆ ಬೆಳಕು ಯಾವುದನ್ನು ಹಿಡಿದೀತು? ಹಿಂದಿನ ದಿನ ಬೋಳಿಸಿಕೊಂಡರೆ ಸಾಕು. ಬಿಸಿಲಿಗೆ ಮೈ ಕಪ್ಪಾಗಿರುವಾಗ ಹೋಗಬಾರದು. ಮಚ್ಚೆಯ ಮೇಲೆ, ಹಚ್ಚೆಯ ಮೇಲೆ ಹಾಯಿಸಬಾರದು. ಕಣ್ಣಿಗೆ ತಕ್ಕ ಕನ್ನಡಕ ಕೊಡದ ಕಡೆ ಒಂದು ಗಳಿಗೆಯೂ ನಿಲ್ಲಬಾರದು. ನೋವು ತಿಳಿಯದಿರಲೆಂದು ಮರಗಟ್ಟಿಸುವ ಮುಲಾಮನ್ನು ಕಾಲಿಗೆಲ್ಲ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡವರು ಅಮೆರಿಕದಲ್ಲಿ ಪ್ರಾಣವನ್ನೇ ಕಳೆದುಕೊಂಡು, 2007ರಲ್ಲಿ ಅಲ್ಲಿನ ಸರ್ಕಾರ ಎಚ್ಚರಿಕೆ ಹೊರಡಿಸಿತು. ಸೂಜಿಯಲ್ಲಿ ಬೇರೆ ಭಯ: ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಿದರೆ ರಕ್ತದಿಂದ ಹರಡುವ ರೋಗಗಳು ಬರುತ್ತವೆ, ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರು ಒಡೆಯಬೇಕು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟಿರುವವರು ಹೃದಯದ ವೈದ್ಯರನ್ನು ಕೇಳದೆ ವಿದ್ಯುತ್ತಿನ ಸೂಜಿಗೆ ಮೈಕೊಡಬಾರದು. ಗಾಯ ಮಾಯ್ದ ಜಾಗ ಉಬ್ಬಿ ಗಂಟಾಗುವ ಮೈಯವರು ನಮ್ಮಲ್ಲಿ ಇದ್ದಾರೆ. ಆ ಗಂಟಿಗೆ ಕೀಲಾಯ್ಡ್ ಎನ್ನುತ್ತಾರೆ. ಅದು ಹೆಚ್ಚಾಗಿ ಏಳುವುದು ಎದೆಯ ನಡುವೆ, ಹೆಗಲ ಮೇಲೆ, ಎಂದರೆ ಗಂಡಸರು ಕೂದಲು ತೆಗೆಸಿಕೊಳ್ಳುವ ಜಾಗದಲ್ಲಿಯೇ. ಕಿವಿ ಚುಚ್ಚಿದಾಗಲೋ ಚುಚ್ಚುಮದ್ದು ಹಾಕಿದಾಗಲೋ ಹಾಗೆ ಆಗಿದ್ದವರು ಮೊದಲೇ ಹೇಳಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಕತ್ತರಿಯೇ ಸಾಕೆನಿಸಿದರೆ ನಿಮ್ಮನ್ನು ತಪ್ಪೆನ್ನಲಾರೆ. ಬಾಚಣಿಗೆಯ ಮೇಲೆ ಕೂದಲನ್ನು ಎತ್ತಿ ಕತ್ತರಿಸಿದರೆ ಎದೆಯ ಕೂದಲು ಅರ್ಧ ವಿರಳವಾಗಿ ಕಾಣುತ್ತದೆ, ಖರ್ಚೂ ಇಲ್ಲ. ಬೆನ್ನು ಮಾತ್ರ ಕೈಗೆ ಎಟುಕದು.

ನನ್ನ ಶಿಷ್ಯನು ಗೊತ್ತುಮಾಡಿಕೊಂಡದ್ದು ಹೀಗೆ: ಬೆನ್ನಿಗೆ ಬೆಳಕು, ಕೊರಳಿನ ಹಿಂಭಾಗಕ್ಕೆ ಸೂಜಿ, ಎದೆಗೆ ಕತ್ತರಿ. ಕಲೆಗಳು ತಿಳಿಯಾಗುವವರೆಗೆ ವೈದ್ಯರು ಏಳು ತಿಂಗಳು ಯಾವುದನ್ನೂ ಮಾಡಲಿಲ್ಲ. ಮದುವೆ ಅಷ್ಟರಲ್ಲಿ ಆಗಿಹೋಯಿತು. ಆರತಕ್ಷತೆಯ ದಿನ ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಹುಡುಗಿಗೆ ಹೇಳಿದ್ದೀಯೇನಪ್ಪಾ?"

"ಮೊದಲೇ ಹೇಳಿದ್ದೆ ಸಾರ್," ಎಂದ. "ಅವಳ ಅಣ್ಣನ ಮೈಯೂ ಹೀಗೇ ಅಂತೆ. ಡಾಕ್ಟರ ವಿಳಾಸ ಬರೆದುಕೊಡಿ ಅಂದಳು."