ಸೀಟಿ ಯಾರ ಕೈಯಲ್ಲಿದೆ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಶಾಲಾ ಕ್ರೀಡಾಕೂಟ ಮುಗಿದ ಸಂಜೆ ಟೀ ಅಂಗಡಿ ಮುಂದೆ ನಿಂತು ಕೇಳಿ. ಸೋತ ಊರಿನವರದ್ದು ಒಂದೇ ಮಾತು: ‘ನಮ್ ಹುಡುಗ್ರು ಸೋಲ್ಲಿಲ್ಲ ಕಣ್ರೀ, ರೆಫರಿ ಸೋಲಿಸ್ದ.’

ಬಹಳಷ್ಟು ಸಲ ಅದು ಸುಳ್ಳು ಅಂತಲೇ ನಾನು ಹೇಳ್ತೀನಿ. ಕಬಡ್ಡಿಯನ್ನೇ ತಗೊಳ್ಳಿ. ಒಂದು ರೈಡಿಗೆ 30 ಸೆಕೆಂಡು. ಒಂದು ಪಂದ್ಯದಲ್ಲಿ ಹತ್ತಾರು ರೈಡು. ಮೊದಲರ್ಧದಲ್ಲಿ ಕೈಜಾರಿದ ಕ್ಯಾಚು, ಆಲೌಟಾಗಿ ಬಿಟ್ಟುಕೊಟ್ಟ ಎರಡು ಹೆಚ್ಚುವರಿ ಅಂಕ ಯಾರಿಗೂ ನೆನಪಿರಲ್ಲ. ಕೊನೇ ಸೀಟಿ ಮಾತ್ರ ನೆನಪಿರುತ್ತೆ.

ಹಾಗಂತ ಯಾವಾಗಲೂ ಸುಳ್ಳಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ನೆನಪಿದೆಯಲ್ವಾ? ಭಾರತ, ಇರಾನ್ 28-28. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಇರಾನಿನವರೂ ಹಿಂದೆಯೇ ನುಗ್ಗಿದರು. ಅಂಕ ಯಾರಿಗೆ? ತೀರ್ಪು ಅತ್ತಿತ್ತ ಓಲಾಡಿತು, ಆಟ ಹೆಚ್ಚುಕಡಿಮೆ ಒಂದು ಗಂಟೆ ನಿಂತಿತು. ಕೊನೆಗೆ 33-29, ಚಿನ್ನ ನಮ್ಮದಾಯ್ತು. ಅಷ್ಟೊಂದು ಕ್ಯಾಮೆರಾ ಇದ್ದ ಕಡೆಯೇ ಈ ಕಥೆ!

ನಮ್ಮ ಮೈದಾನದಲ್ಲಿ ಇರೋದು ಸುಣ್ಣದ ಗೆರೆ. ಮಧ್ಯಾಹ್ನದ ಹೊತ್ತಿಗೆ ಅದೂ ಅರ್ಧ ಅಳಿಸಿರುತ್ತೆ. ಸೀಟಿ ಊದೋರು ಪಿ.ಇ. ಮೇಷ್ಟ್ರು. ಬೆಳಿಗ್ಗೆ ತಮ್ಮ ಶಾಲೆ ಮಕ್ಕಳನ್ನ ಕರಕೊಂಡು ಬಂದವರೂ ಅವರೇ. ಅವರ ನಿಯತ್ತನ್ನ ನಾನು ಅನುಮಾನಿಸಲ್ಲ. ದಿನವಿಡೀ ಬಿಸಿಲಲ್ಲಿ ನಿಂತು, ಬೈಗುಳ ಕೇಳಿ, ಕೂಟ ನಡೆಸ್ತಾರೆ. ಆದರೆ ಅವರ ತೀರ್ಪು ಸರಿಯಿದ್ದರೂ ಎದುರಿನ ಊರು ನಂಬಬೇಕಲ್ಲ?

ಇಲ್ಲಿ ಇನ್ನೊಂದು ಮಾತಿದೆ. ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ಇವತ್ತು ಸೋತರೆ ಮುಂದೆ ಇನ್ನೊಂದು ಪಂದ್ಯ ಇರುತ್ತೆ. ಮಕ್ಕಳದ್ದು ನಾಕೌಟ್. ಹೋಬಳಿ ಮಟ್ಟದಲ್ಲಿ ಒಂದು ಅಂಕದಿಂದ ಸೋತ ಹತ್ತನೇ ಕ್ಲಾಸಿನ ಹುಡುಗಿಗೆ ಆ ವರ್ಷ ಅಲ್ಲಿಗೇ ಮುಗೀತು. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಯಾವ ಮೆಟ್ಟಿಲೂ ಇಲ್ಲ. ಸರ್ಟಿಫಿಕೇಟೂ ಇಲ್ಲ, ಕ್ರೀಡಾ ಕೋಟಾದ ಸೀಟು ದೂರದ ಮಾತು. ಪಂದ್ಯದ ಲೆಕ್ಕದಲ್ಲಿ ಅದು ಒಂದೇ ಅಂಕ. ಅವಳ ಲೆಕ್ಕ ಬೇರೆ.

ಅಜ್ಜಂಪುರ ಮೊನ್ನೆಮೊನ್ನೆವರೆಗೂ ತರೀಕೆರೆ ತಾಲೂಕಿನ ಹೋಬಳಿ. ಈಗ ಅದೇ ತಾಲೂಕು. ಮೂರೂ ಅಕ್ಕಪಕ್ಕ, ಬಸ್ಸು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಕಡೂರಿನ ಮೇಷ್ಟ್ರು ತರೀಕೆರೆಯಲ್ಲಿ ಸೀಟಿ ಊದಲಿ, ತರೀಕೆರೆಯವರು ಅಜ್ಜಂಪುರದಲ್ಲಿ, ಅಜ್ಜಂಪುರದವರು ಕಡೂರಿನಲ್ಲಿ. ಬಸ್ ಚಾರ್ಜು, ಊಟದ ದುಡ್ಡು ಶಿಕ್ಷಣ ಇಲಾಖೆ ಕೊಡಲಿ. ಚಿಕ್ಕಮಗಳೂರಿನಲ್ಲಿ ಕೂತಿರೋ ಸಾಹೇಬರೇ, ಇದಕ್ಕೊಂದು ಆದೇಶ ಹೊರಡಿಸೋಕೆ ಎಷ್ಟು ಹೊತ್ತು ಬೇಕು?