ಅರವತ್ತು ಕೆಜಿ ಕೊಳವೆ, ಎರಡೂವರೆ ಟನ್ನಿನ ಬಿಲ್ಲು

ಕನ್ನಡ ಎಂಎ ಮಾಡಿದ ಆಂಟಿ ಮೈಕ್ ಮುಂದೆ ಕೂತರೆ ಪಂಪನೋ ಕುಮಾರವ್ಯಾಸನೋ ಬರುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಇವತ್ತು ಹಾಗಿಲ್ಲ. ಇವತ್ತು ಲಾರಿ, ಅಲ್ಯೂಮಿನಿಯಂ ಕೊಳವೆ, ಮತ್ತು ನಾನೇ ಮಾಡಿದ ಒಂದು ತಪ್ಪು. ಇಲ್ಲಿ ಜರ್ಮನಿಯಲ್ಲಿ ಬೆಳೆದ ನಿಮ್ಮಲ್ಲಿ ಎಷ್ಟೋ ಜನ ಈಗ ಸಾಫ್ಟ್‌ವೇರ್ ಕೆಲಸಕ್ಕೆ ಸೇರುತ್ತಿದ್ದೀರಿ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಮ್ಮ ಸಂಘದ ರಾಜ್ಯೋತ್ಸವಕ್ಕೆ ವೇದಿಕೆಯ ಪರದೆ ಕಟ್ಟಲು ಆರು ಮೀಟರ್ ಉದ್ದದ ಕೊಳವೆಗಳು ಬೇಕಾಗಿದ್ದವು. ಬೇರೆ ಊರಿನಿಂದ ತರಿಸಬೇಕಿತ್ತು. ಸಾಗಣೆಯ ಫಾರ್ಮ್ ತುಂಬಿದವಳು ನಾನು. ಎರಡು ಕಟ್ಟು, ಒಟ್ಟು 60 ಕೆಜಿ. ಬಿಲ್ಲು ಬಂತು ನೋಡಿ, ಅದರಲ್ಲಿ ದರ ಹಾಕಿದ್ದು 2,625 ಕೆಜಿಗೆ! ನಮ್ಮ ಖಜಾಂಚಿಗಳು ಫೋನ್ ಮಾಡಿ, "ಏನಮ್ಮಾ, ಕೊಳವೆ ಜೊತೆ ಆನೆಯನ್ನೂ ತರಿಸಿದ್ಯಾ?" ಎಂದರು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎಂಬ ಗಾದೆ ನಮ್ಮದು. ಇಲ್ಲಿ ಇರುವೆಯ ಮೇಲೆ ಆನೆಯ ಭಾರ ಹೊರಿಸಿದ್ದರು. ಮೋಸ ಎಂದೇ ನಾನು ತೀರ್ಮಾನಿಸಿಬಿಟ್ಟೆ.

ನಮ್ಮ ಸಂಘದಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ನಿಮ್ಮ ಹಾಗೇ ಇಲ್ಲೇ ಹುಟ್ಟಿದವಳು. ಸಾಗಣೆ ಕಂಪನಿಗಳು ಬಳಸುವ ಸಾಫ್ಟ್‌ವೇರ್‌ನಲ್ಲಿ ದರದ ನಿಯಮಗಳನ್ನು ಕೂರಿಸುವುದೇ ಅವಳ ಕೆಲಸ. ಬಿಲ್ಲು ನೋಡಿ, "ಆಂಟಿ, ಇದು ಮೋಸ ಅಲ್ಲ, ಲಾಡೆಮೀಟರ್" ಎಂದಳು.

ದೊಡ್ಡ ಟ್ರೇಲರ್ ಒಳಗಡೆ 13.6 ಮೀಟರ್ ಉದ್ದ. ಅಗಲ ಲೆಕ್ಕಕ್ಕೆ 2.4 ಮೀಟರ್ ಎಂದು ಹಿಡಿಯುತ್ತಾರೆ. ಆ ಪೂರ್ತಿ ಅಗಲದಲ್ಲಿ ಒಂದು ಮೀಟರ್ ಉದ್ದದ ಜಾಗವೇ ಒಂದು ಲಾಡೆಮೀಟರ್. ಲಾರಿ ಹೊರುವುದು ಸುಮಾರು 24 ಟನ್. ಅದನ್ನು 13.6ರಿಂದ ಭಾಗಿಸಿ, ಒಂದು ಲಾಡೆಮೀಟರ್ ಪಾಲಿಗೆ ಹೆಚ್ಚುಕಡಿಮೆ 1,750 ಕೆಜಿ ಬರುತ್ತದೆ. ಬಹಳ ಕಡೆ ಬಳಸುವ ಸಂಖ್ಯೆಯೂ ಅದೇ. ಕೆಲವರು ಬೇರೆ ಸಂಖ್ಯೆ ಇಟ್ಟುಕೊಳ್ಳುತ್ತಾರೆ, ಅದು ಕರಾರಿನಲ್ಲಿ ಇರುತ್ತದೆ. ನಿಮ್ಮ ಸಾಮಾನು ನೆಲದ ಎಷ್ಟು ಜಾಗ ತಿನ್ನುತ್ತದೋ ಅಷ್ಟು ತೂಕ ಬೇರೆಯವರಿಂದ ಹೇರಿಸಿಕೊಳ್ಳುವ ಅವಕಾಶ ಲಾರಿಯವನಿಗೆ ತಪ್ಪಿತು ಎಂದು ಅರ್ಥ.

ಹಾಗಾಗಿ ಸಾಫ್ಟ್‌ವೇರ್ ಮೂರು ಸಂಖ್ಯೆ ತೆಗೆಯುತ್ತದೆ. ಒಂದು, ನಿಜವಾದ ತೂಕ. ಎರಡು, ಗಾತ್ರದ ತೂಕ. ಇಲ್ಲಿನ ರಸ್ತೆ ಸಾಗಣೆಯಲ್ಲಿ ಒಂದು ಘನ ಮೀಟರಿಗೆ 333 ಕೆಜಿ ಹಿಡಿಯುವುದು ರೂಢಿ. ಮೂರು, ಲಾಡೆಮೀಟರ್ ತೂಕ. ಯಾವುದು ದೊಡ್ಡದೋ ಅದಕ್ಕೆ ದರ. ನಮ್ಮ ಕೊಳವೆ ಒಟ್ಟಿಗೆ ಆರು ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರ. ಗಾತ್ರದ ಪ್ರಕಾರ 120 ಕೆಜಿ ಅಷ್ಟೆ. ನೆಲದ ಪ್ರಕಾರ 6 ಗುಣಿಸು 0.3, ಭಾಗಿಸು 2.4, ಅಂದರೆ 0.75 ಲಾಡೆಮೀಟರ್. ಅದು 1,312 ಕೆಜಿಗೂ ಸ್ವಲ್ಪ ಹೆಚ್ಚು.

ಹಾಗಾದರೆ 2,625 ಎಲ್ಲಿಂದ ಬಂತು? ನನ್ನ ಬೆರಳ ತುದಿಯಿಂದ. ಅಂಗಡಿಯವರು ಎರಡೂ ಕಟ್ಟು ಸೇರಿಸಿ ಅಳತೆ ಕೊಟ್ಟಿದ್ದರು. ನಾನು ಆ ಅಳತೆ ಬರೆದು, ಸಂಖ್ಯೆ ಎಂಬ ಕಡೆ 2 ಎಂದು ಒತ್ತಿದ್ದೆ. ಲೆಕ್ಕ ಇಮ್ಮಡಿಯಾಯಿತು. ಖಜಾಂಚಿಗಳಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಳ್ಳುವಾಗ ಮುಖ ಸಣ್ಣದಾಯಿತು, ಬಿಡಿ.

ಆಮೇಲೆ ಅವಳು ಹೇಳಿದ್ದು ನನಗೆ ಇನ್ನೂ ರುಚಿಸಿತು. ಉದ್ದದ ಸಾಮಾನು ಬಂದಾಗ ನಿಯಮ ಬರೆಯುವುದು ಪೆಟ್ಟಿಗೆಗೆ ಬರೆದಷ್ಟು ಸುಲಭವಲ್ಲವಂತೆ. ಯಾರೋ ಆರು ಮೀಟರನ್ನು ಅಗಲದ ಕಾಲಮ್ಮಿನಲ್ಲಿ ಬರೆದರೆ? "ಉದ್ದ ಇಷ್ಟಕ್ಕಿಂತ ಹೆಚ್ಚಾದರೆ" ಎಂಬ ನಿಯಮ ಕಣ್ಣು ಬಿಡುವುದೇ ಇಲ್ಲ. ಅದಕ್ಕೆ ಉದ್ದ ಅಗಲಗಳಲ್ಲಿ ದೊಡ್ಡದನ್ನೇ ಉದ್ದ ಎಂದು ಹಿಡಿಯಬೇಕು. ಎತ್ತರದಲ್ಲಿ ಬರೆದರೆ ಲಾರಿಯ ಸೂರನ್ನೇ ದಾಟುತ್ತದೆ, ಆಗ ತಡೆದು ಕೇಳಬೇಕು. ಇನ್ನು ಐದು ಸೆಂಟಿಮೀಟರ್ ಅಗಲದ ಒಂಟಿ ಕೋಲು ಬಂದರೆ ಸೂತ್ರದ ಪ್ರಕಾರ 219 ಕೆಜಿ ಬರುತ್ತದೆ. ಆದರೆ ಅದರ ಪಕ್ಕದ ಕಿರಿದಾದ ಜಾಗದಲ್ಲಿ ಏನನ್ನೂ ಇಡಲಾಗದೆ ಹೋಗಬಹುದು. ಅದಕ್ಕಾಗಿ ಕೆಲವರು ಕನಿಷ್ಠ ಅಗಲ ಎಂದು ಒಂದನ್ನು ಹಾಕಿಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಜಗಳ ತರುವುದು ಒಂದೇ ಪ್ರಶ್ನೆಯಂತೆ: ದೊಡ್ಡ ಸಂಖ್ಯೆಯನ್ನು ಪ್ರತಿ ಸಾಲಿಗೂ ಆರಿಸಬೇಕೋ, ಇಡೀ ಸರಕಿಗೆ ಒಂದೇ ಸಲ ಆರಿಸಬೇಕೋ? ನಮ್ಮ ಕೊಳವೆಯ ಜೊತೆ 900 ಕೆಜಿಯ ಒಂದು ಯೂರೋ ಪ್ಯಾಲೆಟ್ ಇದ್ದಿದ್ದರೆ ನೋಡಿ. ಪ್ಯಾಲೆಟ್ಟಿನ ಜಾಗ 0.4 ಲಾಡೆಮೀಟರ್, ಅಂದರೆ 700 ಕೆಜಿ. ಸಾಲುಸಾಲಾಗಿ ಆರಿಸಿದರೆ 900 ಮತ್ತು 1,312, ಸುಮಾರು 2,212. ಒಟ್ಟಿಗೆ ಆರಿಸಿದರೆ 1.15 ಲಾಡೆಮೀಟರ್, ಸುಮಾರು 2,012. ಇನ್ನೂರು ಕೆಜಿ ಹೆಚ್ಚುಕಡಿಮೆ, ಒಂದು ಟಿಕ್ ಗುರುತಿನಿಂದ! ಯಾವುದು ಸರಿ ಎಂದು ಕಂಪ್ಯೂಟರ್ ಹೇಳಲಾರದು. ಗಿರಾಕಿಗೂ ಸಾಗಣೆಯವರಿಗೂ ಆದ ಕರಾರನ್ನು ಓದಿದವರು ಹೇಳಬೇಕು. ಓದದೆ ಟಿಕ್ ಹಾಕಿದರೆ ಆ ಇನ್ನೂರು ಕೆಜಿಯ ದುಡ್ಡು ಪ್ರತಿ ಬಿಲ್ಲಿನಲ್ಲೂ ಯಾರದೋ ಜೇಬಿನಿಂದ ಸದ್ದಿಲ್ಲದೆ ಹೋಗುತ್ತಿರುತ್ತದೆ.

ಇದನ್ನು ಕೇಳುವಾಗ ನನಗೆ ನಮ್ಮ ಅಪ್ಪ ಬಸ್ಸಿನ ಮೇಲೆ ಬಿದಿರಿನ ಏಣಿ ಹಾಕಿಸಿದ್ದು ನೆನಪಾಯಿತು. "ತೂಕವೇ ಇಲ್ಲವಲ್ಲಪ್ಪಾ" ಎಂದು ಅಪ್ಪ ಚೌಕಾಸಿ ಮಾಡಿದರೆ, "ತೂಕಕ್ಕಲ್ಲ ಸಾರ್, ಜಾಗಕ್ಕೆ" ಎಂದು ಕಂಡಕ್ಟರ್ ಚೀಟಿ ಹರಿದಿದ್ದ. ಆದರೆ ಅವನು ತಲೆ ಎತ್ತಿ ಏಣಿಯನ್ನು ನೋಡಿದ್ದ, ಪಕ್ಕದಲ್ಲಿ ಎರಡು ಮೂಟೆ ಹಿಡಿಯುತ್ತವೆ ಎಂದು ಕಂಡು ಅರ್ಧ ದುಡ್ಡು ಬಿಟ್ಟಿದ್ದ. ನಿಯಮ ಕೂರಿಸುವವರಿಗೆ ಆ ಏಣಿ ಕಾಣುವುದಿಲ್ಲ. ನಾಳೆ ಬರುವ ಏಣಿಗಳನ್ನೆಲ್ಲ ಇವತ್ತೇ ಊಹಿಸಬೇಕು.

ನಮ್ಮ ಹುಡುಗಿ ತನ್ನ ಆಫೀಸಿನಲ್ಲಿ ಈಗ ಎರಡು ಬದಲಾವಣೆ ಮಾಡಿಸಿದ್ದಾಳೆ. ಉದ್ದದ ಸಾಮಾನಿಗೆ ಸಂಖ್ಯೆ ಒಂದಕ್ಕಿಂತ ಹೆಚ್ಚು ಬರೆದರೆ, "ಈ ಅಳತೆ ಒಂದರದ್ದೋ, ಎಲ್ಲ ಸೇರಿಯೋ?" ಎಂದು ಪರದೆ ಕೇಳುತ್ತದೆ. ಬಿಲ್ಲಿನಲ್ಲಿ ಬರೀ ತೂಕ ಬರೆದು ಬಿಡದೆ, ಅದು ಹೇಗೆ ಬಂತು ಎಂಬ ಲೆಕ್ಕದ ಸಾಲೂ ಅಚ್ಚಾಗುತ್ತದೆ. ಎರಡನೆಯದಕ್ಕೆ ಮೇಲಿನವರು ಸುಲಭಕ್ಕೆ ಒಪ್ಪಲಿಲ್ಲವಂತೆ. ಲೆಕ್ಕ ತೋರಿಸಿದರೆ ಗಿರಾಕಿಗಳು ಪ್ರಶ್ನೆ ಕೇಳುತ್ತಾರೆ ಎಂಬುದು ಅವರ ಆಕ್ಷೇಪ. "ಕೇಳಲಿ ಅಂತಾನೇ ಆಂಟಿ" ಎಂದಳು.

ನಮ್ಮ ಬಿಲ್ಲು ತಿದ್ದಿ ಬಂತು. 1,312 ಕೆಜಿ ಮಾತ್ರ ಉಳಿಯಿತು. ಅದನ್ನು ನಾವು ಕೊಟ್ಟೆವು. ಈ ವರ್ಷ ಇನ್ನೊಂದು ಜೊತೆ ಬೇಕಾದಾಗ ಮೂರು ಮೀಟರಿನ, ಜೋಡಿಸಬಹುದಾದ ಕೊಳವೆಯನ್ನೇ ತರಿಸಿದೆವು. ಒಂದರ ಮೇಲೊಂದಿಟ್ಟು ಒಂದೇ ಕಟ್ಟು ಮಾಡಿಸಿದೆ. ಸಂಖ್ಯೆಯ ಕಡೆ 1 ಎಂದು ಬರೆದು, ಎರಡು ಸಲ ನೋಡಿ, ಆಮೇಲೆ ಒತ್ತಿದೆ. 656 ಕೆಜಿ ಬಂತು.